ಮುಂಭಾರ, ಹಿಂಭಾರ: ನಮ್ಮ ಎಸ್ಟೇಟ್ ಕಾರಿಗೆ ಬಿಚ್ಚಿಡುವ ಟೋ ಬಾರ್ ಹಾಕಿಸಿದ ಪ್ರಕರಣ

ನಾವಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಮನೆಯಲ್ಲಿ ನಾಲ್ಕು ಜನ: ನಾನು, ಹೆಂಡತಿ, 12 ವರ್ಷದ ಮಗಳು, 8 ವರ್ಷದ ಮಗ. ಕಾರು 2017ರ ಡೀಸೆಲ್ ಎಸ್ಟೇಟ್. ಚಾವಣಿ ಹಿಂದಿನ ತುದಿವರೆಗೂ ಸಮನಾಗಿ ಹೋಗಿ, ಅದರ ಕೆಳಗೆ ಉದ್ದನೆಯ ಡಿಕ್ಕಿ ಇರುವ ಕಾರು. ನಮ್ಮ ಊರ ಕಡೆ ಸ್ಟೇಷನ್ ವ್ಯಾಗನ್ ಅಂತಿದ್ದರಲ್ಲ, ಅದೇ.

ಕಾರಿನ ಕಂಪನಿ, ಮಾಡೆಲ್ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಒಂದೇ ಮಾಡೆಲ್‌ನಲ್ಲೂ ಎಂಜಿನ್ ಬದಲಾದರೆ, ಗೇರ್‌ಬಾಕ್ಸ್ ಬದಲಾದರೆ ಎಳೆಯುವ ಮಿತಿಯೂ ಬದಲಾಗುತ್ತದೆ. ಹೆಸರು ಹೇಳಿದರೆ ಯಾರಾದರೂ ನಮ್ಮ ಅಂಕಿಯನ್ನೇ ತಮ್ಮ ಕಾರಿಗೂ ಹಚ್ಚಿಕೊಂಡಾರು ಅನ್ನುವ ಭಯ ನನಗೆ.

2023ರ ಮಾರ್ಚ್‌ನಲ್ಲಿ ಒಬ್ಬ ಸಹೋದ್ಯೋಗಿಯಿಂದ ಹಳೆಯ ಕ್ಯಾಂಪರ್ ಒಂದನ್ನು ಕೊಂಡೆವು. ಮಡಚಿದರೆ ತಗ್ಗಾದ ಪೆಟ್ಟಿಗೆಯಂಥ ಟ್ರೇಲರ್, ಬಿಚ್ಚಿದರೆ ಎರಡು ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಮೇಲೆ ಕ್ಯಾನ್ವಾಸ್ ಮಾಡು. ಖಾಲಿ ಇದ್ದಾಗ 640 ಕೆ.ಜಿ., ಸಾಮಾನು ತುಂಬಿ ಗರಿಷ್ಠ 850 ಕೆ.ಜಿ. ಅದಕ್ಕೆ ತನ್ನದೇ ಬ್ರೇಕ್ ಇದೆ. ವಸ್ತುವೇನೋ ಮನೆ ಮುಂದೆ ಬಂದು ನಿಂತಿತು, ಎಳೆಯೋಕೆ ಕಾರಿಗೆ ಟೋ ಬಾರೇ ಇಲ್ಲ. ಟೋ ಬಾರ್ ಅಂದರೆ ಕಾರಿನ ಹಿಂದೆ ಹಾಕುವ ಉಕ್ಕಿನ ತೊಲೆ, ಅದರ ತುದಿಯ ಗುಂಡಿನ ಮೇಲೆ ಟ್ರೇಲರ್‌ನ ಕೊಕ್ಕೆ ಕೂರುತ್ತದೆ. ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು. ಕ್ಯಾಂಪರ್ ವರ್ಷಕ್ಕೆ ನಾಲ್ಕೈದು ಸಲ ಹೊರಡುತ್ತದೆ ಅಷ್ಟೆ. ಸೈಕಲ್‌ಗಳು ಹಾಗಲ್ಲ, ಬೇಸಿಗೆಯಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರ ಹೊರಡುತ್ತವೆ. ನಾಲ್ಕು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಬೇಕು ಅಂದರೆ ಅದಕ್ಕೂ ಟೋ ಬಾರೇ ಗಟ್ಟಿಯಾದ ಜಾಗ.

ಈ ಎರಡು ಬಳಕೆ ಒಟ್ಟಿಗೆ ಬಂದಿದ್ದರಿಂದಲೇ ಆಯ್ಕೆ ಸ್ವಲ್ಪ ಕಷ್ಟವಾಯಿತು. ಪೂರ್ತಿ ಬರೆದಿಡುತ್ತಿರುವುದೂ ಅದಕ್ಕೇ.

ಮೊದಲು ಕಾರಿನ ಪಟ್ಟಿ ಓದಿದೆವು

ಟೋ ಬಾರ್ ಅಂಗಡಿಗೆ ಫೋನ್ ಮಾಡುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಯುರೋಪಿನ ಕಾರುಗಳಲ್ಲಿ ಬಾಗಿಲ ಕಂಬದ ಮೇಲೋ ಬಾನೆಟ್ ಕೆಳಗೋ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ನಾಲ್ಕು ಅಂಕಿ. ಮೊದಲನೆಯದು ಜನ, ಸಾಮಾನು ಎಲ್ಲ ಸೇರಿ ಕಾರು ಎಷ್ಟು ತೂಗಬಹುದು ಅನ್ನುವುದು. ಎರಡನೆಯದು ಕಾರು ಮತ್ತು ಟ್ರೇಲರ್ ಎರಡೂ ಸೇರಿ ಎಷ್ಟು ಅನ್ನುವುದು. ಮಿಕ್ಕ ಎರಡು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ, ಅಂದರೆ ಚಕ್ರದ ಅಚ್ಚಿಗೆ, ಸೇರಿದವು. ನಮ್ಮ ಪಟ್ಟಿಯಲ್ಲಿ ಮೊದಲ ಸಾಲು 1,920, ಎರಡನೇ ಸಾಲು 3,420. ಒಂದರಲ್ಲಿ ಒಂದನ್ನು ಕಳೆದರೆ 1,500 ಕೆ.ಜಿ. ಕಾರಿನ ಪುಸ್ತಕದಲ್ಲೂ ಬ್ರೇಕ್ ಇರುವ ಟ್ರೇಲರ್‌ಗೆ ಅದೇ ಮಿತಿ ಬರೆದಿತ್ತು. ಎರಡನೇ ಸಾಲು ಖಾಲಿ ಇದ್ದರೆ ಆ ಕಾರಿಗೆ ಎಳೆಯುವ ಅನುಮತಿಯೇ ಇಲ್ಲ ಅಂತ ಅರ್ಥ. ಕೆಲವು ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳು ಹೀಗಿರುತ್ತವೆ. ಹಳೆ ಕಾರು ಕೊಳ್ಳುವವರು ಇದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬೇಕು.

ಪುಸ್ತಕದಲ್ಲಿ ಇನ್ನೊಂದು ಅಂಕಿ ಇತ್ತು: 75 ಕೆ.ಜಿ. ಟ್ರೇಲರ್‌ನ ಮೂತಿ ಕಾರಿನ ಗುಂಡಿನ ಮೇಲೆ ಕೂತಾಗ ಕೆಳಕ್ಕೆ ಒತ್ತುವ ಭಾರದ ಮಿತಿ ಇದು. ಇಲ್ಲಿನವರು ನೋಸ್ ವೆಯ್ಟ್ ಅನ್ನುತ್ತಾರೆ. ಆಗ ನನಗೆ ಇದರ ಬೆಲೆ ಗೊತ್ತಾಗಲಿಲ್ಲ. 1,500 ಅನ್ನುವ ದೊಡ್ಡ ಅಂಕಿ ನೋಡಿ, ನಮ್ಮದು ಬರೀ 850, ಬೇಕಾದಷ್ಟಾಯಿತು ಅಂತ ಸಮಾಧಾನ ಪಟ್ಟುಕೊಂಡೆ. ಖಾಲಿ ಕಾರಿನ ತೂಕ ಸುಮಾರು 1,380 ಕೆ.ಜಿ. ಹೊಸಬರು ಕಾರಿನ ತೂಕದ 85 ಪರ್ಸೆಂಟ್ ಒಳಗೇ ಎಳೆಯಬೇಕು ಅಂತ ಇಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆಯುವ ಚಕ್ರದ ಮನೆ) ಇಟ್ಟುಕೊಂಡವರು ಹೇಳುತ್ತಾರೆ. ನಮ್ಮದು 62 ಪರ್ಸೆಂಟ್‌ಗೆ ಬಂತು. ಆ ಲೆಕ್ಕ ಸರಿಯೇ ಇತ್ತು. ನಮಗೆ ಕಷ್ಟ ಕೊಟ್ಟಿದ್ದು 75.

ಯಾವ ಬಾರ್?

ನಾಲ್ಕು ಬಗೆ ನೋಡಿದೆವು. ಹಿಂದೆ ಎರಡು ಬೋಲ್ಟ್‌ನಲ್ಲಿ ಗುಂಡು ಕೂರಿಸುವ ಚಪ್ಪಟೆ ಮುಖದ್ದು ಎಲ್ಲಕ್ಕಿಂತ ಅಗ್ಗ. ಹಂಸದ ಕತ್ತಿನ ಹಾಗೆ ಬಾಗಿದ, ಬಿಚ್ಚೋಕಾಗದ ಕಬ್ಬಿಣದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ. ಅದೇ ಕತ್ತನ್ನು ಕೈಯಲ್ಲೇ ಬಿಚ್ಚಿ ತೆಗೆದಿಡುವಂಥದ್ದು ಮೂರನೆಯದು. ಗುಂಡಿ ಒತ್ತಿದರೆ ಬಂಪರ್ ಕೆಳಗೆ ಮಡಚಿ ಹೋಗುವಂಥದ್ದು ನಾಲ್ಕನೆಯದು. ಅದರ ಬೆಲೆ ಕೇಳಿ ಅಲ್ಲಿಗೇ ಕೈಬಿಟ್ಟೆವು.

ಮಿಕ್ಕ ಮೂರರಲ್ಲಿ ಬಿಚ್ಚಿಡುವುದನ್ನೇ ಆರಿಸಲು ಕಾರಣ ಚಂದ ಅಲ್ಲ. ನಮ್ಮ ಕಾರಿನ ನಂಬರ್ ಪ್ಲೇಟ್ ಬಂಪರ್ ನಡುವೆ ಇದೆ. ಗುಂಡು ಯಾವಾಗಲೂ ಅಲ್ಲೇ ನಿಂತಿದ್ದರೆ ಹಿಂದಿನಿಂದ ನೋಡುವವರಿಗೆ ಒಂದು ಅಕ್ಷರ ಮುಚ್ಚಿಹೋಗುತ್ತದೆ. ಬ್ರಿಟನ್‌ನಲ್ಲಿ ನಂಬರ್ ಪ್ಲೇಟ್ ಮರೆಯಾಗುವಂತೆ ಓಡಿಸುವುದು ತಪ್ಪು, 1,000 ಪೌಂಡ್‌ವರೆಗೆ ದಂಡ ಬೀಳಬಹುದು. ಎರಡನೆಯದಾಗಿ ಪಾರ್ಕಿಂಗ್ ಸೆನ್ಸರ್. ಅದರ ಮುಂದೆ ಸದಾ ಕಬ್ಬಿಣ ಇದ್ದರೆ ಕೂಗುತ್ತಲೇ ಇರುತ್ತದೆ. ಮೂರನೆಯದು ಎಸ್ಟೇಟ್ ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು: ಈ ಕಾರಿನ ಡಿಕ್ಕಿ ಆಳ, ಒಳಗಿನ ಚೀಲ ತೆಗೆಯಬೇಕಾದರೆ ಬಂಪರ್‌ಗೆ ಕಾಲು ತಾಗಿಸಿಯೇ ಬಗ್ಗಬೇಕು. ಗುಂಡು ಇದ್ದರೆ ಮೊಣಕಾಲ ಕೆಳಗಿನ ಎಲುಬಿಗೆ ಸರಿಯಾಗಿ ಬಡಿಯುತ್ತದೆ. ಪಕ್ಕದ ಮನೆಯವರ ಕಾರಿನಲ್ಲಿ ಒಂದು ಸಲ ನನ್ನ ಹೆಂಡತಿಗೆ ಹಾಗೆ ಬಡಿದು, ಎರಡು ವಾರ ನೀಲಿಗಟ್ಟಿತ್ತು. ಮಕ್ಕಳಿರುವ ಮನೆ ಬೇರೆ.

ಬಿಚ್ಚಿಡುವ ಬಾರ್‌ನಲ್ಲೂ ಎರಡು ಥರ. ಒಂದರಲ್ಲಿ ಕತ್ತನ್ನು ಹಿಂದಿನಿಂದ ನೇರವಾಗಿ ತೂರಿಸುತ್ತೀರಿ. ಬಗ್ಗುವ ಕೆಲಸ ಕಮ್ಮಿ, ಆದರೆ ಕತ್ತು ಕೂರುವ ಬಾಯಿ ಬಂಪರ್ ಕೆಳಗೆ ಕಾಣುತ್ತಿರುತ್ತದೆ. ಇನ್ನೊಂದರಲ್ಲಿ ಕೆಳಗಿನಿಂದ ಮೇಲಕ್ಕೆ ತೂರಿಸಬೇಕು. ಬಿಚ್ಚಿದ ಮೇಲೆ ಹೊರಗೆ ಏನೂ ಕಾಣುವುದಿಲ್ಲ, ಆದರೆ ಪ್ರತಿ ಸಲ ಮಂಡಿ ಊರಬೇಕು. ನಾವು ಎರಡನೆಯದನ್ನು ತೆಗೆದುಕೊಂಡೆವು. ಒಂದು ಮಾತು: ಮಂಡಿ ನೋವಿರುವವರು, ಮಳೆಯಲ್ಲಿ ನೆಲದ ಮೇಲೆ ಕೂರೋಕೆ ಇಷ್ಟವಿಲ್ಲದವರು ಮೊದಲನೆಯದನ್ನೇ ಆರಿಸಲಿ. ಅಂಗಡಿಯಲ್ಲಿ ನಿಂತು ನೋಡಿದರೆ ಗೊತ್ತಾಗಲ್ಲ, ಒಮ್ಮೆ ನೀವೇ ಕೂತು ಹಾಕಿ ತೆಗೆದು ನೋಡಬೇಕು.

ಕಂಪನಿ ಯಾವುದೇ ಇರಲಿ, ಬಾರ್ ಮೇಲಿನ ಸಣ್ಣ ಪಟ್ಟಿ ನೋಡಿ. 1998ರ ಆಗಸ್ಟ್ 1ರಿಂದ ಈಚೆಗೆ ನೋಂದಣಿಯಾದ, ಯುರೋಪಿನ ಮಾದರಿ ಒಪ್ಪಿಗೆ (ಟೈಪ್ ಅಪ್ರೂವಲ್) ಇರುವ ಕಾರುಗಳಿಗೆ ಬ್ರಿಟನ್‌ನಲ್ಲಿ ಒಪ್ಪಿಗೆ ಪಡೆದ ಟೋ ಬಾರನ್ನೇ ಹಾಕಬೇಕು. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಅಂಕಿ ಇರುತ್ತದೆ. 1 ಅಂದರೆ ಜರ್ಮನಿ, 4 ನೆದರ್ಲೆಂಡ್ಸ್, 11 ಬ್ರಿಟನ್. ಅದರ ಕೆಳಗೆ ಡಿ ಮತ್ತು ಎಸ್ ಅಂತ ಎರಡು ಅಂಕಿ. ಎಸ್ ಅಂದರೆ ಗುಂಡಿನ ಮೇಲೆ ಎಷ್ಟು ಭಾರ ಹೊರಿಸಬಹುದು ಅನ್ನುವುದು. ಡಿ ಅಂದರೆ ಕಾರು ಮತ್ತು ಟ್ರೇಲರ್ ನಡುವೆ ಬೀಳುವ ಎಳೆತವನ್ನು ಬಾರ್ ಎಷ್ಟು ತಡೆಯುತ್ತದೆ ಅನ್ನುವುದು.

ಡಿ ಲೆಕ್ಕ ಸುಲಭ. ಕಾರಿನ ಗರಿಷ್ಠ ತೂಕ, ಟ್ರೇಲರ್‌ನ ಗರಿಷ್ಠ ತೂಕ ಎರಡನ್ನೂ ಟನ್‌ನಲ್ಲಿ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಕಿಲೋನ್ಯೂಟನ್ ಅನ್ನುವ ಬಲದ ಅಳತೆಯಲ್ಲಿ ಉತ್ತರ ಬರುತ್ತದೆ. ನಮ್ಮ ಕಾರು 1.92, ಅದು ಎಳೆಯಬಹುದಾದ ಗರಿಷ್ಠ 1.5. ಉತ್ತರ 8.3 ಹತ್ತಿರ. ನಾವು ಆರಿಸಿದ ಬಾರ್ ಮೇಲೆ 9 ಇತ್ತು. ಎಸ್ ಮಾತ್ರ 75, ಕಾರಿನ ಮಿತಿಯಷ್ಟೇ. ಕಾರು, ಬಾರ್, ಟ್ರೇಲರ್‌ನ ಕೊಕ್ಕೆ, ಈ ಮೂರರಲ್ಲಿ ಯಾವುದು ಕಮ್ಮಿಯೋ ಅದೇ ನಮ್ಮ ಮಿತಿ.

ಸೈಕಲ್ ಲೆಕ್ಕ

ಇಲ್ಲಿ 75 ಮೊದಲ ಸಲ ಅಡ್ಡ ಬಂತು. ಸೈಕಲ್ ಕಟ್ಟುವ ರ‍್ಯಾಕ್ 19 ಕೆ.ಜಿ. ನನ್ನ ಸೈಕಲ್ 15, ಮಗಳದು 12, ಮಗನದು 10. ಹೆಂಡತಿಯದು ಬ್ಯಾಟರಿ ಸೈಕಲ್, 24. ಸೈಕಲ್‌ಗಳೇ 61 ಆದವು, ರ‍್ಯಾಕ್ ಸೇರಿದರೆ 80. ಗುಂಡಿನ ಮಿತಿ ದಾಟಿತು. ರ‍್ಯಾಕ್‌ನವರು ಹೇಳಿದ ಸೈಕಲ್ ಮಿತಿ 60, ಅದೂ ಒಂದು ಕೆ.ಜಿ. ದಾಟಿತು. ಬ್ಯಾಟರಿ ಬಿಚ್ಚಿ ಒಳಗಿಟ್ಟರೆ 3 ಕೆ.ಜಿ. ಇಳಿಯುತ್ತದೆ, ಆದರೂ 77. ಎರಡೇ ಕೆ.ಜಿ. ಅಲ್ವಾ ಅನ್ನಿಸುತ್ತದೆ. ಆದರೆ ರ‍್ಯಾಕ್ ಸುಮ್ನೆ ಕೂತಿರುವುದಿಲ್ಲ. ರಸ್ತೆ ಉಬ್ಬಿನ ಮೇಲೆ ಕಾರು ಕುಪ್ಪಳಿಸಿದಾಗ ಆ ಭಾರ ಕತ್ತನ್ನು ಕೆಳಕ್ಕೆ ಜಗ್ಗುತ್ತದೆ, ಮೇಲಾಗಿ ಸೈಕಲ್‌ಗಳು ಗುಂಡಿಗಿಂತಲೂ ಹಿಂದೆ ನೇತಾಡುತ್ತಿರುತ್ತವೆ.

ಕೊನೆಗೆ ಕಂಡ ದಾರಿ ಸುಲಭದ್ದು. ಮಗನ ಸಣ್ಣ ಸೈಕಲ್ ಡಿಕ್ಕಿಯೊಳಗೆ, ಮಿಕ್ಕ ಮೂರು ಹಿಂದೆ. ಆಗ ಸೈಕಲ್ 51, ರ‍್ಯಾಕ್ ಸೇರಿ 70. ಎಸ್ಟೇಟ್ ಆಗಿದ್ದಕ್ಕೆ ಇದು ಸಾಧ್ಯವಾಯಿತು.

ಹಿಂದಿನ ಆಕ್ಸಲ್ ಅನ್ನೂ ನೆನೆಯಬೇಕು. ಗುಂಡು ಹಿಂದಿನ ಚಕ್ರಕ್ಕಿಂತ ಸುಮಾರು ಒಂದು ಮೀಟರ್ ಆಚೆ ಇರುತ್ತದೆ. ಎರಡು ಆಕ್ಸಲ್ ನಡುವೆ 2.65 ಮೀಟರ್ ಇದ್ದರೆ, ಗುಂಡಿನ ಮೇಲಿನ 75 ಕೆ.ಜಿ. ಹಿಂದಿನ ಚಕ್ರಗಳಿಗೆ 103 ಕೆ.ಜಿ. ಆಗಿ ಬೀಳುತ್ತದೆ, ಮುಂದಿನ ಚಕ್ರಗಳಿಂದ 28 ಕೆ.ಜಿ. ಎದ್ದುಹೋಗುತ್ತದೆ. ಏತದ ಮರದ ಲೆಕ್ಕವೇ ಇದು. ಅದಕ್ಕೇ ಡಿಕ್ಕಿಯಲ್ಲಿ ನೀರಿನ ಕ್ಯಾನ್ ತುಂಬಿ, ಹಿಂದೆ ಟ್ರೇಲರ್ ಹಾಕಿದರೆ ಕಾರಿನ ಮೂತಿ ಎದ್ದಂತೆ ಕಾಣುವುದು.

ಹಾಕಿಸಿದ ದಿನ

ಮೂರು ಕಡೆ ವಿಚಾರಿಸಿದೆವು. ಬಿಚ್ಚಲಾಗದ ಬಾರ್, ಸಾದಾ ವೈರಿಂಗ್ ಆದರೆ 460 ಪೌಂಡ್. ಬಿಚ್ಚಿಡುವ ಬಾರ್, ನಮ್ಮ ಕಾರಿಗೆಂದೇ ಮಾಡಿದ ವೈರಿಂಗ್ ಆದರೆ 820. ಎರಡನೆಯದಕ್ಕೆ ಒಪ್ಪಿದೆವು. ಮೇ ತಿಂಗಳ ಒಂದು ಶುಕ್ರವಾರ ಊರ ಹೊರಗಿನ ಒಂದು ವರ್ಕ್‌ಶಾಪ್‌ನಲ್ಲಿ ಕಾರು ಬಿಟ್ಟೆ. ನಿಂತು ನೋಡಬಹುದಾ ಅಂತ ಕೇಳಿದೆ, ಹಳದಿ ಗೆರೆ ತೋರಿಸಿ ಇದರ ಆಚೆ ನಿಲ್ಲಿ ಅಂದರು.

ಹಿಂದಿನ ದೀಪಗಳನ್ನು ಬಿಚ್ಚಿದರು. ಚಕ್ರದ ಮೇಲಿನ ಕಮಾನಿನಿಂದ ಸ್ಕ್ರೂ ತೆಗೆದರು. ಇಬ್ಬರು ಎರಡು ಕಡೆ ಹಿಡಿದು ಮೆಲ್ಲಗೆ ಹೊರಕ್ಕೆ ಎಳೆದಾಗ ಕ್ಲಿಪ್‌ಗಳು ಒಂದೊಂದೇ ಪಟ್ ಪಟ್ ಅಂತ ಬಿಟ್ಟುಕೊಂಡು ಬಂಪರ್ ಪೂರ್ತಿ ಕೈಗೆ ಬಂತು. ಒಳಗೆ ಒಂದು ಹಗುರ ಲೋಹದ ಅಡ್ಡಪಟ್ಟಿ ಇತ್ತು. ಹಿಂದಿನಿಂದ ಗುದ್ದಿದರೆ ಪೆಟ್ಟು ತಿನ್ನುವುದು ಅದೇ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಆ ಜಾಗಕ್ಕೆ ಟೋ ಬಾರ್‌ನ ದಪ್ಪ ಉಕ್ಕಿನ ತೊಲೆ ಬಂತು. ತೊಲೆಯ ಎರಡು ಕೈಗಳು ಕಾರಿನ ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ, ಕೊಳವೆಯೊಳಗೆ ಸರಿದು ಕೂತವು. ನಾನು ಅಂದುಕೊಂಡಿದ್ದು ಬಾರ್ ಬಂಪರ್‌ಗೆ ನೇತುಬೀಳುತ್ತದೆ ಅಂತ. ಬಂಪರ್ ಬರೀ ಪ್ಲಾಸ್ಟಿಕ್ ಮುಸುಕು, ಎಳೆಯುವ ಭಾರ ಪೂರ್ತಿ ಹೋಗುವುದು ಚಾಸಿಗೆ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಎಲ್ಲವನ್ನೂ ಹಿಡಿಸಿ, ತೊಲೆ ನೆಟ್ಟಗಿದೆಯಾ ಅಂತ ಎರಡೂ ಕಡೆ ಟೇಪ್ ಹಿಡಿದು ಅಳೆದು, ಆಮೇಲೆ ಟಾರ್ಕ್ ರೆಂಚ್, ಅಂದರೆ ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಸ್ಪ್ಯಾನರ್, ಹಾಕಿದರು. ಪ್ರತಿ ಬೋಲ್ಟ್‌ಗೂ ಟಕ್ ಅನ್ನುವ ಸದ್ದು ಬಂದ ಮೇಲೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ. ಗೆರೆ ಮುರಿದರೆ ಬೋಲ್ಟ್ ತಿರುಗಿದೆ ಅಂತ ಗೊತ್ತಾಗುತ್ತದೆ. ಬಂಪರ್‌ನ ಅಡಿಭಾಗಕ್ಕೆ ಕಾಗದದ ಅಚ್ಚು ಅಂಟಿಸಿ, ಅದರ ಗೆರೆಯಂತೆ ಸಣ್ಣ ಗರಗಸದಲ್ಲಿ ಕೊಯ್ದರು. ನಿಂತು ನೋಡಿದರೆ ಆ ಕೊಯ್ತ ಕಾಣುವುದೇ ಇಲ್ಲ.

ಒಂದು ಪ್ರಶ್ನೆಯನ್ನು ನಾನು ಮನೆಯಿಂದಲೇ ಬರೆದುಕೊಂಡು ಹೋಗಿದ್ದೆ. ಬ್ರೇಕ್ ಇರುವ ಟ್ರೇಲರ್‌ಗೆ ಒಂದು ಸಣ್ಣ ತಂತಿ ಇರುತ್ತದೆ, ಬ್ರೇಕ್‌ಅವೇ ಕೇಬಲ್ ಅಂತಾರೆ. ಓಡುವಾಗ ಟ್ರೇಲರ್ ಕಳಚಿಕೊಂಡರೆ ಆ ತಂತಿ ಅದರ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ತಾನು ಹರಿಯುತ್ತದೆ. ಇದನ್ನು ಎಲ್ಲಿ ಸಿಕ್ಕಿಸಬೇಕು? ಬಿಚ್ಚುವ ಕತ್ತಿಗೇ ಸುತ್ತಿದರೆ, ಕತ್ತೇ ಕಳಚಿದ ದಿನ ತಂತಿಯೂ ಅದರ ಜೊತೆ ಹೋಗುತ್ತದೆ, ಬ್ರೇಕ್ ಬೀಳುವುದೇ ಇಲ್ಲ. ಹಾಗಾಗಿ ಕಾರಿಗೆ ಶಾಶ್ವತವಾಗಿ ಸೇರಿದ ಭಾಗದಲ್ಲಿ ಉಕ್ಕಿನ ಬಳೆ ಇರಬೇಕು. ನಮ್ಮ ಬಾರ್‌ನಲ್ಲಿ ಬಾಯಿಯ ಪಕ್ಕ ಅಂಥದ್ದೊಂದು ಬೆಸುಗೆ ಹಾಕಿತ್ತು. ಫಿಟ್ಟರ್ ನನ್ನ ಕೈಯನ್ನೇ ಕೆಳಗೆ ತೂರಿಸಿ ಮುಟ್ಟಿಸಿದರು. ಬಿಚ್ಚಿಡುವ ಬಾರ್ ಹಾಕಿಸುವ ಪ್ರತಿಯೊಬ್ಬರೂ ಈ ಬಳೆಯನ್ನು ಮುಟ್ಟಿ ನೋಡಬೇಕು ಅಂತ ನನ್ನ ಆಸೆ.

ವೈರಿಂಗ್‌ನಲ್ಲಿ ಆದ ಯಡವಟ್ಟು

ಕಬ್ಬಿಣದ ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯಿತು. ತಲೆನೋವಾಗಿದ್ದು ತಂತಿ.

ಹಳೇ ಕಾಲದ ಸಾಕೆಟ್‌ಗೆ ಏಳು ಪಿನ್. ಇಂಡಿಕೇಟರ್, ಬ್ರೇಕ್ ದೀಪ, ಹಿಂದಿನ ದೀಪ, ಮಂಜಿನ ದೀಪ, ಅರ್ತ್, ಅಷ್ಟೇ. ಈಗ ಹೆಚ್ಚಾಗಿ ಹಾಕುವುದು 13 ಪಿನ್ನಿನದು. ಅದರಲ್ಲಿ ರಿವರ್ಸ್ ದೀಪ ಇದೆ, ಯಾವಾಗಲೂ ಇರುವ 12 ವೋಲ್ಟ್ ಇದೆ, ಕಾರು ಆನ್ ಆದಾಗ ಮಾತ್ರ ಬರುವ ಇನ್ನೊಂದು 12 ವೋಲ್ಟ್ ಇದೆ, ತಿರುಗಿಸಿ ಬಿಗಿದರೆ ಗಟ್ಟಿಯಾಗಿ ಕೂರುತ್ತದೆ. ನಮ್ಮ ಹಳೆ ಕ್ಯಾಂಪರ್‌ನದು ಏಳು ಪಿನ್, ರ‍್ಯಾಕ್‌ದು 13. ಕಾರಿಗೆ 13 ಹಾಕಿಸಿ, ಕ್ಯಾಂಪರ್‌ಗೆ ಒಂದು ಅಡಾಪ್ಟರ್ ಕೊಂಡೆವು. ಅಡಾಪ್ಟರನ್ನು ಸಾಕೆಟ್‌ನಲ್ಲೇ ಬಿಡಬೇಡಿ. ಒಳಗೆ ನೀರು ನಿಂತು ಪಿನ್ ಹಸಿರುಗಟ್ಟುತ್ತದೆ.

ಕಾರಿನ ಕಡೆಯೂ ಎರಡು ದಾರಿ. ಸಾದಾ ಕಿಟ್‌ನಲ್ಲಿ ಕಾರಿನ ದೀಪದ ತಂತಿಯಿಂದ ಸೂಚನೆ ಮಾತ್ರ ಪಡೆದು, ರಿಲೇ ಅನ್ನುವ ಒಂದು ಸ್ವಿಚ್ ಮೂಲಕ ಟ್ರೇಲರ್‌ಗೆ ಕರೆಂಟ್ ಕೊಡುತ್ತಾರೆ. ದೀಪ ಉರಿಯುತ್ತದೆ, ಆದರೆ ಹಿಂದೆ ಟ್ರೇಲರ್ ಇದೆ ಅಂತ ಕಾರಿಗೆ ಗೊತ್ತೇ ಆಗುವುದಿಲ್ಲ. ಕಾರಿಗೆಂದೇ ಮಾಡಿದ ಕಿಟ್‌ನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ, ಅದು ಕಾರಿನ ಮಿಕ್ಕ ಕಂಪ್ಯೂಟರ್‌ಗಳ ಜೊತೆ ಮಾತಾಡುತ್ತದೆ. ಪ್ಲಗ್ ಹಾಕಿದ ಕೂಡಲೇ ಹಿಂದಿನ ಸೆನ್ಸರ್ ಸುಮ್ಮನಾಗುತ್ತವೆ, ಕಾರಿನ ಮಂಜಿನ ದೀಪ ಆರಿ ಟ್ರೇಲರ್‌ನದು ಉರಿಯುತ್ತದೆ, ಟ್ರೇಲರ್ ಓಲಾಡತೊಡಗಿದರೆ ಕಾರೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ಸರಿಪಡಿಸಲು ನೋಡುತ್ತದೆ. ಈ ಕೊನೆಯದಕ್ಕಾಗಿಯೇ ನಾನು ಜಾಸ್ತಿ ದುಡ್ಡು ಕೊಡೋಕೆ ಒಪ್ಪಿದ್ದು.

ಆದರೆ ಕಿಟ್ ಜೋಡಿಸಿದರೆ ಸಾಲದು. ನಿನಗೀಗ ಟೋ ಬಾರ್ ಇದೆ ಅಂತ ಕಾರಿಗೆ ಹೇಳಿಕೊಡಬೇಕು. ಅದಕ್ಕೆ ಕೋಡಿಂಗ್ ಅನ್ನುತ್ತಾರೆ. ಆ ವರ್ಕ್‌ಶಾಪ್‌ನವರು ಅದನ್ನು ಮಾಡದೆಯೇ ಕಾರು ಕೊಟ್ಟರು. ದೀಪಗಳೆಲ್ಲ ಸರಿಯಾಗಿ ಉರಿದವು, ನಾನೂ ನಂಬಿ ಹಣ ಕೊಟ್ಟು ಬಂದೆ. ಭಾನುವಾರ ರ‍್ಯಾಕ್ ಹಾಕಿ, ಆಶ್ಬೋರ್ನ್‌ಗೆ ಹೊರಟೆವು. ಅಲ್ಲಿಂದ ಹಳೆಯ ರೈಲು ಹಾದಿಯ ಮೇಲೆ ಟಿಸಿಂಗ್ಟನ್ ಟ್ರೇಲ್ ಅನ್ನುವ 13 ಮೈಲಿಯ ಸೈಕಲ್ ದಾರಿ ಇದೆ, ಮಕ್ಕಳಿಗೆ ತುಂಬಾ ಇಷ್ಟ. ಮನೆಯಿಂದ ರಿವರ್ಸ್ ತೆಗೆಯುವಾಗಲೇ ಸೆನ್ಸರ್ ಒಂದೇ ಸಮ ಕಿರುಚಿತು. ದಾರಿಯಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ದೀಪದ ದೋಷ ಅಂತ ಹಳದಿ ಗುರುತು ಬಂತು. ರ‍್ಯಾಕ್‌ನ ಎಲ್‌ಇಡಿ ದೀಪ ಮಿಣಮಿಣ ಅನ್ನುತ್ತಿದೆ ಅಂತ ಹಿಂದೆ ಬರುತ್ತಿದ್ದವರು ಸಿಗ್ನಲ್‌ನಲ್ಲಿ ಕಿಟಕಿ ಇಳಿಸಿ ಹೇಳಿದರು. ಬಲ್ಬ್ ಸುಟ್ಟಿದೆಯಾ ಅಂತ ನೋಡಲು ಕಾರು ಆಗಾಗ ಚೂರು ಕರೆಂಟ್ ಕಳಿಸುತ್ತದೆ. ಹಳೆಯ ಬಲ್ಬ್‌ಗೆ ಅದು ತಾಗುವುದಿಲ್ಲ, ಎಲ್‌ಇಡಿ ಅಷ್ಟಕ್ಕೇ ಮಿನುಗುತ್ತದೆ.

ಸೋಮವಾರ ಫೋನ್ ಮಾಡಿದರೆ, ಕೋಡಿಂಗ್ ಬೇರೆಯವರು ಮಾಡೋದು, ಅದಕ್ಕೆ ಬೇರೆ ದುಡ್ಡು ಅಂದರು. ನನ್ನ ರಸೀದಿಯಲ್ಲಿ ಆ ಬಗ್ಗೆ ಒಂದು ಪದವೂ ಇರಲಿಲ್ಲ. ತಪ್ಪು ನನ್ನದೂ ಇತ್ತು. ಕೊಟೇಶನ್ ಕೇಳುವಾಗ ಕೋಡಿಂಗ್ ಸೇರಿದೆಯಾ ಅಂತ ಕೇಳಿ ಬರೆಸಿಕೊಳ್ಳಬೇಕಿತ್ತು. ಎರಡು ವಾರ ಓಡಾಡಿ, ಕೊನೆಗೆ ಮನೆಗೇ ಬರುವ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕರೆಸಿದೆ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, 40 ನಿಮಿಷದಲ್ಲಿ ಮುಗಿಸಿದರು. 85 ಪೌಂಡ್. ಪ್ಲಗ್ ಹಾಕಿದೆ, ಸೆನ್ಸರ್ ಸುಮ್ಮನಾಯಿತು. ತೆಗೆದೆ, ಮತ್ತೆ ಎಚ್ಚರವಾಯಿತು. ಎಲ್‌ಇಡಿ ಮಿಣುಕುವುದೂ ನಿಂತಿತು.

ಇನ್ಶೂರೆನ್ಸ್‌ನವರಿಗೆ ಒಂದು ಫೋನ್ ಮಾಡಿ ತಿಳಿಸಿದೆ, ನಮಗೆ ಜಾಸ್ತಿ ಹಣ ಕೇಳಲಿಲ್ಲ. ಲೈಸೆನ್ಸ್ ವಿಷಯಕ್ಕೂ ತೊಂದರೆ ಇರಲಿಲ್ಲ. 2021ರ ಡಿಸೆಂಬರ್ 16ರಿಂದ ಇಲ್ಲಿ ಸಾಮಾನ್ಯ ಕಾರು ಲೈಸೆನ್ಸ್ ಇದ್ದವರೇ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು, ಬೇರೆ ಪರೀಕ್ಷೆ ಬೇಡ.

ಅಪ್ಪ ಬಂದರು

ಜುಲೈನಲ್ಲಿ ಅಪ್ಪ ಚನ್ನರಾಯಪಟ್ಟಣದಿಂದ ಬಂದರು. ಆಗಸ್ಟ್ ಮೊದಲ ವಾರ ವೇಲ್ಸ್‌ಗೆ, ಬೆಟ್ಸ್-ಇ-ಕೋಯೆಡ್ ಅನ್ನುವ ಬೆಟ್ಟದ ಊರಿಗೆ ಹೋಗುವುದು ಅಂತ ಗೊತ್ತಾಗಿತ್ತು. ಹಿಂದಿನ ಸಂಜೆ ಕ್ಯಾಂಪರ್ ತುಂಬಿದೆವು. ಅಡುಗೆ ಸಾಮಾನಿನ ಪೆಟ್ಟಿಗೆ, ಅಕ್ಕಿ, ರಾಗಿ ಹಿಟ್ಟು, ನೀರಿನ ಕ್ಯಾನ್, ಮೇಜು ಕುರ್ಚಿ ಎಲ್ಲ ಹಿಂದಿನ ಬಾಗಿಲಿಂದ ಒಳಗೆ ಹೋದವು. ಹಿಂದಿನಿಂದ ತುಂಬಿದರೆ ಹಿಂದೆಯೇ ಉಳಿಯುತ್ತದೆ. ನನಗೆ ಅದು ಹೊಳೆಯಲೇ ಇಲ್ಲ.

ಅಪ್ಪ ಸುತ್ತ ಒಂದು ಸುತ್ತು ಬಂದರು. ಮುಂದಿನ ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದರು. ಸಲೀಸಾಗಿ ಎದ್ದಿತು.

"ಲೋ, ಗಾಡಿ ಹಿಂಭಾರ ಆಗೈತೆ ಕಣೋ," ಅಂದರು. "ಮೂಕಿ ಹಿಂಗೆ ಎದ್ರೆ ಎತ್ತಿನ ಕೊಳ್ಳು ಬಿಗೀತದೆ. ಇಳಿಜಾರಲ್ಲಿ ಗಾಡಿ ನಿನ್ ಮಾತು ಕೇಳಲ್ಲ."

ಎತ್ತಿನ ಗಾಡಿ ಕಟ್ಟಿದವರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಎರಡು ಚಕ್ರದ ಗಾಡಿಯಲ್ಲಿ ಹುಲ್ಲು, ಗೊಬ್ಬರ ಏನೇ ತುಂಬಿದರೂ ಅಚ್ಚಿನ ಹಿಂದೆ ಮುಂದೆ ನೋಡಿ ತುಂಬಬೇಕು. ಮುಂಭಾರ ಜಾಸ್ತಿಯಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ಮೂಕಿ, ಅಂದರೆ ಗಾಡಿಯ ಮುಂದಿನ ಉದ್ದನೆಯ ಮರ, ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ನಮ್ಮ ಕ್ಯಾಂಪರ್‌ಗೂ ಎರಡೇ ಚಕ್ರ, ಒಂದೇ ಅಚ್ಚು. ಎತ್ತಿನ ಹೆಗಲಿನ ಜಾಗದಲ್ಲಿ 50 ಮಿಲಿಮೀಟರ್ ಗುಂಡು. ಮೂರು ತಿಂಗಳಿಂದ ನಾನು ಪುಸ್ತಕದಲ್ಲಿ ಓದಿ ನೋಸ್ ವೆಯ್ಟ್ ಅಂತಿದ್ದದ್ದಕ್ಕೆ ಕನ್ನಡದಲ್ಲಿ ಎಂದಿನಿಂದಲೋ ಮಾತಿತ್ತು. ಅದನ್ನು ಕೇಳಿದ ಮೇಲೇ ವಿಷಯ ನನಗೆ ನಿಜವಾಗಿ ತಲೆಗೆ ಹೋಗಿದ್ದು.

ಬಚ್ಚಲಮನೆಯ ತೂಕದ ಯಂತ್ರ ತಂದೆ. ಕ್ಯಾಂಪರನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟೆವು. ಕೊಕ್ಕೆಯ ಕೆಳಗೆ ಒಂದು ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಅದರ ಕೆಳಗೆ ಯಂತ್ರ ಇಟ್ಟೆವು. ಕೊಕ್ಕೆ ಕಾರಿನ ಗುಂಡಿನ ಎತ್ತರಕ್ಕೇ ಇರಬೇಕು, ಇಲ್ಲದಿದ್ದರೆ ಅಳತೆ ಸುಳ್ಳು. ಭಾರ ತುಂಬಿದ ಕಾರಿನಲ್ಲಿ ಗುಂಡಿನ ನಡುಭಾಗ ನೆಲದಿಂದ 350ರಿಂದ 420 ಮಿಲಿಮೀಟರ್ ಇರುತ್ತದೆ. ಯಂತ್ರ 18 ಕೆ.ಜಿ. ತೋರಿಸಿತು. ಟ್ರೇಲರ್ ತೂಕದ 5ರಿಂದ 7 ಪರ್ಸೆಂಟ್ ಮೂತಿಯ ಮೇಲೆ ಇರಲಿ ಅನ್ನುವುದು ಇಲ್ಲಿನ ರೂಢಿ. 850ಕ್ಕೆ ಅದು 43ರಿಂದ 60. ನಮ್ಮದು ಅರ್ಧಕ್ಕಿಂತಲೂ ಕಮ್ಮಿ.

ಇಂಥ ಗಾಡಿಯನ್ನು ಹೆದ್ದಾರಿಯಲ್ಲಿ 60 ಮೈಲಿ ವೇಗದಲ್ಲಿ ಎಳೆದರೆ, ಪಕ್ಕದಲ್ಲಿ ಲಾರಿ ಹಾದುಹೋದ ಗಾಳಿಗೇ ಹಾವಿನ ಹಾಗೆ ಓಲಾಡೋಕೆ ಶುರು ಮಾಡಬಹುದು. ಒಮ್ಮೆ ಶುರುವಾದರೆ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲೂ ಹೋಗಬಾರದು. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯೋಕೆ ಬಿಡಬೇಕು.

ಎಲ್ಲ ಇಳಿಸಿದೆವು. ನೀರಿನ ಕ್ಯಾನ್ ಖಾಲಿ ಮಾಡಿದೆವು, ಅಲ್ಲೇ ತುಂಬಿಕೊಂಡರಾಯಿತು. ಅಡುಗೆ ಪೆಟ್ಟಿಗೆ ಅಚ್ಚಿನ ಮೇಲೆ, ಅಕ್ಕಿ ಹಿಟ್ಟಿನ ಡಬ್ಬ ಅಚ್ಚಿಗಿಂತ ಚೂರು ಮುಂದೆ, ಭಾರದ ವಸ್ತು ಎಲ್ಲ ನೆಲದ ಮಟ್ಟಕ್ಕೆ. ಹಿಂದೆ ಹಾಸಿಗೆ, ಬಟ್ಟೆ ಮಾತ್ರ. ಈ ಸಲ 54. ಅಪ್ಪ ಮತ್ತೆ ಒಂದು ಕೈಯಲ್ಲಿ ಎತ್ತಲು ನೋಡಿದರು, ಆಗಲಿಲ್ಲ. "ಈಗ ಸರಿಹೋಯ್ತು," ಅಂದರು.

ಹಸಿರು ಗುರುತು

ಬೆಳಿಗ್ಗೆ ಆರಕ್ಕೆ ಹೊರಡಬೇಕು. ಡಿಕ್ಕಿಯ ಕೆಳ ಅರೆಯಿಂದ ಕತ್ತು ತೆಗೆದೆ. ನಾಲ್ಕೈದು ಕೆ.ಜಿ. ಕಬ್ಬಿಣ ಅದು. ಅದನ್ನು ಹಳೆ ಟವೆಲ್‌ನಲ್ಲಿ ಸುತ್ತಿ ಪಟ್ಟಿ ಬಿಗಿದೇ ಇಡಬೇಕು, ಸಡಿಲ ಇದ್ದು ಅಪಘಾತವಾದರೆ ಸೀಟು ದಾಟಿ ಮುಂದಕ್ಕೆ ಬರುತ್ತದೆ. ಮಂಡಿ ಊರಿ ಕೆಳಗಿನಿಂದ ತೂರಿಸಿದೆ. ಕ್ಲಿಕ್ ಅಂತು. ಆದರೆ ಬೀಗದ ಕೈ ಈಚೆ ಬರಲಿಲ್ಲ.

ನಮ್ಮ ಬಾರ್‌ನಲ್ಲಿ ಪೂರ್ತಿ ಕೂತರೆ ಮಾತ್ರ ಬೀಗ ತಿರುಗಿ ಕೀ ಹೊರಗೆ ಬರುತ್ತದೆ. ತಿರುಗಿಸುವ ಗುಬುಟದ ಮೇಲೆ ಹಸಿರು, ಕೆಂಪು ಗುರುತು ಇವೆ. ಟಾರ್ಚ್ ಬಿಟ್ಟು ನೋಡಿದರೆ ಕೆಂಪು ಅಂಚು ಕಾಣುತ್ತಿತ್ತು. ಗುಬುಟಕ್ಕೂ ಕತ್ತಿಗೂ ನಡುವೆ ಕೂದಲೆಳೆಗಿಂತ ಸ್ವಲ್ಪ ಜಾಸ್ತಿ ಸಂದು. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗಿಯೇ ಇತ್ತು. ಸಮಯವಾಗುತ್ತಿತ್ತು, ಮಕ್ಕಳು ಕಾರಿನಲ್ಲಿ ಕೂತಾಗಿತ್ತು. ಕೀ ಅಲ್ಲೇ ಬಿಟ್ಟು ಹೋದರಾಯಿತು ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಹೆಂಡತಿ ಇಳಿದು ಬಂದು, "ರೀ, ತೆಗೆದು ಇನ್ನೊಂದು ಸಲ ಹಾಕಿ, ಅರ್ಧ ಗಂಟೆ ತಡವಾದ್ರೆ ಏನೂ ಆಗಲ್ಲ," ಅಂದಳು.

ತೆಗೆದೆ. ಬಾಯಿಯೊಳಗೆ ಟಾರ್ಚ್ ಬಿಟ್ಟರೆ, ಒಂದು ಮೂಲೆಯಲ್ಲಿ ಒಣಗಿದ ಮಣ್ಣು, ಅದರಲ್ಲಿ ಜೋಳದ ಕಾಳಿನಷ್ಟು ಸಣ್ಣ ಕಲ್ಲು. ಬಾರ್ ಜೊತೆ ಬಾಯಿ ಮುಚ್ಚೋಕೆ ರಬ್ಬರ್ ಬಿರಡೆ ಕೊಟ್ಟಿದ್ದರು. ಹಿಂದಿನ ಸಲ ರ‍್ಯಾಕ್ ತೆಗೆದಾಗ ಅದನ್ನು ಹಾಕೋದು ಮರೆತಿದ್ದೆ. ಹಿಂದಿನ ಚಕ್ರ ಎರಚಿದ್ದೆಲ್ಲ ನೇರ ಒಳಗೆ ಹೋಗಿ ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ತೂರಿಸಿದೆ. ಈ ಸಲದ ಕ್ಲಿಕ್ ಸದ್ದೇ ಬೇರೆ, ದಪ್ಪ. ಸಂದು ಮುಚ್ಚಿತು, ಹಸಿರು ನೇರಕ್ಕೆ ಬಂತು, ಕೀ ಬೆರಳಿಗೆ ಸಲೀಸಾಗಿ ಬಂತು.

ಎ50 ಹೆದ್ದಾರಿ ಹಿಡಿದು ಸ್ಟೋಕ್ ದಾಟಿ, ಎ5 ಹೆದ್ದಾರಿಯಲ್ಲಿ ಲಾಂಗೋಲನ್ ಮೇಲೆ ಹೋದೆವು. ಟ್ರೇಲರ್ ಇದ್ದಾಗ ಒಂಟಿ ರಸ್ತೆಯಲ್ಲಿ 50 ಮೈಲಿ, ನಡುವೆ ವಿಭಜಕ ಇರುವ ಜೋಡಿ ರಸ್ತೆಯಲ್ಲಿ 60 ಮಿತಿ. ಇಡೀ ದಾರಿ ಕ್ಯಾಂಪರ್ ಕಾರಿನದೇ ಭಾಗದ ಹಾಗೆ ಹಿಂದೆ ಬಂತು. ಅಪ್ಪ ಆಗಾಗ ತಿರುಗಿ ಹಿಂದಿನ ಗಾಜಿನಲ್ಲಿ ನೋಡುತ್ತಿದ್ದರು.

ಅಲ್ಲಿಂದ ಈಚೆಗೆ ಎರಡು ಬೇಸಿಗೆ ಕಳೆದಿದೆ. ಮೊದಲ 1,000 ಕಿಲೋಮೀಟರ್ ಆದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚ್ ಹಾಕಿ ನೋಡಬೇಕು ಅಂತ ಬಾರ್ ಜೊತೆಗಿನ ಕಾಗದದಲ್ಲಿತ್ತು. ಮಾಡಿಸಿದೆ, ಒಂದೇ ಒಂದು ಬೋಲ್ಟ್ ಚೂರು ತಿರುಗಿತು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಹಾಕುತ್ತಾರೆ, ಹಾಗಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕತ್ತು ಮನೆಯೊಳಗೆ, ಬಿರಡೆ ಬಾಯಲ್ಲಿ. ಕೀ ಮೇಲಿನ ನಂಬರನ್ನು ಬರೆದಿಟ್ಟಿದ್ದೇನೆ, ಕಳೆದರೆ ಆ ನಂಬರ್ ಇಲ್ಲದೆ ಹೊಸದು ಮಾಡಿಸೋದು ಕಷ್ಟ.

ಟಾರ್ಚ್ ಹಿಡಿಯುವ ಕೆಲಸ ಈಗ ಮಗಳದು. ಅವಳು ಮಂಡಿ ಊರಿ ಕೆಳಗೆ ನೋಡಿ "ಹಸಿರು" ಅಂತ ಕೂಗಿದ ಮೇಲೆ ನಾನು ಕೀ ಎಳೆಯುತ್ತೇನೆ. ಪ್ರತಿ ಪ್ರಯಾಣದ ಹಿಂದಿನ ರಾತ್ರಿ ಚನ್ನರಾಯಪಟ್ಟಣದಿಂದ ಅಪ್ಪನ ಫೋನ್ ಬರುತ್ತದೆ. ಎಲ್ಲಿಗೆ ಹೋಗ್ತಿದ್ದೀರಿ ಅನ್ನುವುದಕ್ಕಿಂತ ಮೊದಲು ಕೇಳುವುದು ಯಂತ್ರ ಎಷ್ಟು ತೋರಿಸಿತು ಅಂತ. ಹೋದ ವಾರ 56 ಅಂದೆ.